ಖಂಡೆಪ್ಪನ ಕತ್ತರಿ

ಮೂಡಲಗಿಯಲ್ಲಿ ಕುರಿ ಸಂತೆಯಿಂದ ಕಬ್ಬು ಬೆಳೆಗಾರರ ಸಭೆಯವರೆಗೆ ಏನೇ ಸುದ್ದಿಯಿರಲಿ, ಆಟೋ ಮೇಲೆ ಕಟ್ಟಿದ ಹಾರ್ನಿನಲ್ಲಿ ಕೂಗುವ ದನಿ ಖಂಡೆಪ್ಪನದೇ. ಅವನ ರೆಕಾರ್ಡಿಂಗ್ ಕೋಣೆಯಲ್ಲಿ ಹಾಡಲು ಬಂದವರು ಒಮ್ಮೆ ಕೆಮ್ಮಿದರೆ ಮುಗಿಯಿತು; ಕಂಪ್ಯೂಟರಿನ ಪರದೆಯ ಮೇಲೆ ಓಡುವ ದನಿಯ ಅಲೆಯಲ್ಲಿ ಆ ಕೆಮ್ಮನ್ನು ಹೇನು ಹೆಕ್ಕಿದಂತೆ ಹೆಕ್ಕಿ ಕತ್ತರಿಸುತ್ತಾನೆ. ಅಲೆಯೇ ಮೂಡದಿದ್ದರೆ ವೈರು ಕಿತ್ತು ಊದುತ್ತಾನೆ, ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚುತ್ತಾನೆ, ಕೊನೆಗೆ ಮೈಕನ್ನು ತಾನೇ ಮ್ಯೂಟ್ ಮಾಡಿಟ್ಟದ್ದು ಕಂಡು ಹಾಡುವವರನ್ನು ದುರುಗುಟ್ಟಿ ನೋಡುತ್ತಾನೆ. ಅವನು ಗದರುವುದೂ ಡೊಳ್ಳಿನ ಹಾಡಿನ ಧಾಟಿಯಲ್ಲೇ: “ಮೈಕಿನ ಸನೇಕ ಬರಬ್ಯಾಡ್ರೀ ಕಾಕಾ, ಉಸರು ಬಡೀತೈತ್ರೀ!” ಕಲಾವಿದನ ಹುಚ್ಚು ಎಂದು ಜನ ನಗುತ್ತಾರೆ. ಶಾಲೆಯವರು ವೇದಿಕೆ ಹತ್ತಿ ನಾಲ್ಕು ಮಾತಾಡಲು ಕರೆದರೆ, “ಲೈವಿನೊಳಗ ಕ್ವಾಲಿಟಿ ಬರೂದಿಲ್ರೀ ಸರ” ಎಂದು ಅದನ್ನೂ ಹಾಡಿಯೇ ತಪ್ಪಿಸಿಕೊಳ್ಳುತ್ತಾನೆ. ನಿಜ ಸಂಗತಿ ಅವನ ಕಂಪ್ಯೂಟರಿಗೆ ಮಾತ್ರ ಗೊತ್ತು: ಹಾಡಿದರೆ ಖಂಡೆಪ್ಪ ತೊದಲುವುದಿಲ್ಲ. ಆಟೋದಿಂದ ತಡೆಯಿಲ್ಲದೆ ಹರಿದುಬರುವ “ನಾನ್ರೀ, ನಿಮ್ಮ ಖಂಡೆಪ್ಪ” ಎಂಬ ಮೂರು ಮಾತು ಹದಿನೇಳು ತುಂಡು ಸೇರಿಸಿ ಹೊಲಿದದ್ದು. ಆ ಆಟೋ ಬಾಗಿಲ ಮುಂದೆ ಹಾದಾಗಲೆಲ್ಲ ಅವನು ಕೈಲಿದ್ದ ಕೆಲಸ ಬಿಟ್ಟು ಎದ್ದು ನಿಲ್ಲುತ್ತಾನೆ, ತನ್ನ ಹೆಸರು ಎಲ್ಲೂ ಒಡೆಯದೆ ಒಂದೇ ಉಸಿರಿನಲ್ಲಿ ಬರುವುದನ್ನು ಕೇಳಲು.