ಅಕ್ಕನ ಮೂಗು

ಈ ಊರಿನಲ್ಲಿ ಎಲ್ಲಿ ಊಟ ಮಾಡಿದರೆ ಒಳ್ಳೆಯದು ಎಂದು ಯಾರಾದರೂ ನನ್ನ ಅಕ್ಕನನ್ನು ಕೇಳಿದರೆ, "ನಿಮ್ಮ ಮನೇಲಿ" ಎನ್ನುತ್ತಿದ್ದಳು. ಕೇಳಿದವರು ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ. ನಗರಸಭೆಯ ಆಹಾರ ತಪಾಸಣೆ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವಳು ಅವಳು. ಅಷ್ಟೂ ವರ್ಷ ಹೊರಗೆ ಒಂದು ಲೋಟ ಚಹಾ ಕುಡಿದವಳಲ್ಲ.

ಊರೋ, ತಿನ್ನುವುದಕ್ಕೇ ಹುಟ್ಟಿದ ಊರು. ಬಂದರಿನಿಂದ ದೀಪಸ್ತಂಭದವರೆಗೆ ಕಡಲದಂಡೆಯ ರಸ್ತೆಯ ಉದ್ದಕ್ಕೂ ಹೋಟೆಲುಗಳು ಒಂದರ ಹೆಗಲಿಗೆ ಒಂದು ಒರಗಿಕೊಂಡು ನಿಂತಿವೆ. ಹಡಗಿನಿಂದ ಇಳಿದವರಿಗೆ ಸೂಪು, ಜೋಡಿಯಾಗಿ ಬಂದವರಿಗೆ ಕರಿದ ಮೀನು, ದುಡ್ಡಿದ್ದವರಿಗೆ ಮಹಡಿಯ ಮೇಲೆ ಬಿಳಿ ಮೇಜುಬಟ್ಟೆ. ಪ್ರತಿ ವರ್ಷ ಪ್ರವಾಸಿಗಳ ಕಾಲ ಶುರುವಾಗುವ ಮೊದಲು ನಗರಸಭೆ ಒಂದು ಪಟ್ಟಿ ಹಾಕುತ್ತದೆ. ಪಟ್ಟಿಯಲ್ಲಿ ಹೆಸರು ಬಂದ ಅಂಗಡಿಯ ಬಾಗಿಲಿಗೆ ಒಂದು ಹಸಿರು ಚೀಟಿ ಅಂಟಿಸುತ್ತಾರೆ. ಇಲ್ಲಿ ಧೈರ್ಯವಾಗಿ ತಿನ್ನಬಹುದು ಎಂದು ಅದರ ಅರ್ಥ. ಆ ಚೀಟಿಯ ಕೆಳಗಿನ ಸಹಿ ಅಕ್ಕನದು.

ಅವಳ ಕೆಲಸದ ರೀತಿಯೇ ಬೇರೆ. ಮುಂಬಾಗಿಲಿನಿಂದ ಎಂದೂ ಒಳಗೆ ಹೋದವಳಲ್ಲ. ಹಿಂದಿನ ಓಣಿಯಲ್ಲಿ ಕಸದ ಡಬ್ಬಿ ನೋಡಿ, ಪಾತ್ರೆ ತೊಳೆಯುವವಳ ಹತ್ತಿರ ಎರಡು ಮಾತಾಡಿ, ಅಡುಗೆಮನೆಗೆ ಬೆಕ್ಕಿನಂತೆ ನುಗ್ಗುತ್ತಿದ್ದಳು. ಮೇಜು ಒರೆಸುವ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಮೂಸುವಳು. ಮೀನಿನ ಕಿವಿರು ಎತ್ತಿ ಮೂಸುವಳು. ಕಾದ ಎಣ್ಣೆಯನ್ನು ಒಂದು ಮಾರು ದೂರದಿಂದಲೇ ಮೂಸಿ, ಅದು ನಿನ್ನೆಯದೋ ಮೊನ್ನೆಯದೋ ಹೇಳುವಳು. ರಸ್ತೆಯವರೆಲ್ಲ ಅವಳಿಗೆ 'ಮೂಗಿನ ಮೇಡಂ' ಎಂದು ಹೆಸರಿಟ್ಟಿದ್ದರು. ಅವಳಿಗೆ ಅದು ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ಮನೆಯಲ್ಲೂ ಅದೇ ಮೂಗು. ಅವಳ ಮದುವೆಯ ಮಾತಿಗೆ ಬಂದವನೊಬ್ಬ ಬೆಳಿಗ್ಗೆಯೇ ಕುಡಿದು ಲವಂಗ ಅಗಿದುಕೊಂಡು ಬಂದಿದ್ದಾನೆ ಎಂದು ಎಲ್ಲರೆದುರು ಹೇಳಿಬಿಟ್ಟಳು. ಅಲ್ಲಿಗೆ ಅವಳ ಮದುವೆಯ ಮಾತು ಮುಗಿಯಿತು. ನಾನು ಒಪ್ಪಿದವನ ಬಗ್ಗೆಯೂ "ಈ ಮನುಷ್ಯ ಸರಿಯಿಲ್ಲ" ಎಂದಿದ್ದಳು. ಅವಳ ಮಾತು ಕೇಳದೆ ಮದುವೆಯಾದೆ, ಎಂಟನೆಯ ತಿಂಗಳಿಗೆ ಪೆಟ್ಟಿಗೆ ಸಮೇತ ಅವಳ ಮನೆಗೇ ವಾಪಸು ಬಂದೆ. ಅವಳು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಎಷ್ಟೋ ವಾಸಿಯಿತ್ತು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಹದಿನಾರು ವರ್ಷ ಅವಳ ಸೂರಿನಡಿ ಬದುಕಿದ್ದೇನೆ. ಸಂಜೆ ತಡವಾಗಿ ಬಂದರೆ ಬಾಗಿಲಲ್ಲೇ ನಿಂತು ನನ್ನನ್ನು ಮೇಲಿನಿಂದ ಕೆಳಗೆ ನೋಡುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು.

ಇಂಥವಳ ಮೇಲೆ ನನಗೇ ಅನುಮಾನ ಬರುವ ಕಾಲ ಬಂತು.

ಬಟ್ಟೆ ಕೊಡಲು ಬಂದ ಸೂಪಿನ ಹೋಟೆಲಿನ ಯಜಮಾನನ ಹೆಂಡತಿ ಅಳತೆ ಕೊಡುತ್ತಾ, "ನಿಮ್ಮಕ್ಕ ಈಗ ತುಂಬಾ ಒಳ್ಳೆಯವರಾಗಿಬಿಟ್ಟಿದ್ದಾರೆ ಬಿಡಿ" ಎಂದಳು. ನನ್ನ ಕೈಯ ಟೇಪು ಅಲ್ಲೇ ನಿಂತಿತು. ಅಕ್ಕನನ್ನು ಈ ರಸ್ತೆಯಲ್ಲಿ ಯಾರೂ ಹಾಗೆ ಹೊಗಳಿದ್ದಿಲ್ಲ. ವಿಚಾರಿಸಿದರೆ, ಮೂರು ನಾಲ್ಕು ತಿಂಗಳಿಂದ ಅವಳು ಯಾರನ್ನೂ ಹಿಡಿದಿಲ್ಲ. ಬಂದು ನೋಡುತ್ತಾಳೆ, ತಲೆಯಾಡಿಸುತ್ತಾಳೆ, ಹೋಗುತ್ತಾಳೆ. ಯಾರೋ ಕೈ ಬಿಸಿ ಮಾಡಿರಬೇಕು ಎಂದುಕೊಂಡೆ. ನಾಚಿಕೆಯಾಗಬೇಕಿತ್ತು ನನಗೆ, ಆದರೆ ನಿಜ ಹೇಳುತ್ತೇನೆ, ಸ್ವಲ್ಪ ಖುಷಿಯೇ ಆಯಿತು. ಇವಳೂ ಮನುಷ್ಯಳೇ ಎನ್ನಿಸಿತು. ಅಂದಿನಿಂದ ಅವಳ ಚೀಲ, ಅವಳ ಮುಖ, ಅವಳು ಫೋನಿನಲ್ಲಿ ಆಡುವ ಮಾತು ಎಲ್ಲದರ ಮೇಲೂ ಕಣ್ಣಿಟ್ಟೆ.

ಆಮೇಲೆ ಒಂದು ಭಾನುವಾರ ಬೆಳಿಗ್ಗೆ, ಗಿರಾಕಿಯೊಬ್ಬರ ಪ್ಯಾಂಟಿನ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು ಮರೆತು ಹಿತ್ತಲಿಗೆ ಹೋದೆ. ಬಟ್ಟೆ ಒಣಹಾಕುತ್ತಿದ್ದಾಗ ಸುಟ್ಟ ವಾಸನೆ ಅಲ್ಲಿಯವರೆಗೂ ಬಂತು. ಓಡಿ ಬಂದು ನೋಡಿದರೆ ಪ್ಯಾಂಟಿನಿಂದ ಹೊಗೆ ಏಳುತ್ತಿತ್ತು. ಮೇಜಿಗೆ ಬೆನ್ನು ಹಾಕಿ, ಮೂರಡಿ ದೂರದಲ್ಲಿ ಕುಳಿತು ಅಕ್ಕ ಪೇಪರು ಓದುತ್ತಿದ್ದಳು. ನನ್ನ ಗಾಬರಿ ನೋಡಿ ತಿರುಗಿದಳು. ಹೊಗೆ ಕಂಡಳು. ಅವಳ ಮುಖ ಬಿಳಿಚಿಕೊಂಡಿತು.

"ಓದೋದ್ರಲ್ಲಿ ಮುಳುಗಿಬಿಟ್ಟಿದ್ದೆ" ಎಂದಳು.

ಆಗ ನನಗೆ ಹೊಳೆಯಿತು. ನಾಲ್ಕು ತಿಂಗಳ ಹಿಂದೆ ಅವಳಿಗೆ ನೆಗಡಿ ಜ್ವರ ಬಂದು ಹತ್ತು ದಿನ ಮಲಗಿದ್ದಳು. ಜ್ವರ ಹೋಗುವಾಗ ಮೂಗನ್ನೂ ಕರೆದುಕೊಂಡು ಹೋಗಿದೆ. ಅವಳು ಅದನ್ನು ಆಫೀಸಿನವರಿಂದ, ರಸ್ತೆಯವರಿಂದ, ನನ್ನಿಂದಲೂ ಮುಚ್ಚಿಟ್ಟಿದ್ದಾಳೆ. ಲಂಚದ ಅನುಮಾನ ಅಲ್ಲಿಗೆ ಬಿದ್ದುಹೋಯಿತು. ಅದರ ಜಾಗದಲ್ಲಿ ಬಂದ ಮರುಕವನ್ನು ಎಲ್ಲಿ ಇಟ್ಟುಕೊಳ್ಳಬೇಕೋ ನನಗೆ ತಿಳಿಯಲಿಲ್ಲ. ನನಗೆ ಗೊತ್ತಾಗಿದೆ ಎಂದು ನಾನು ಹೇಳಲಿಲ್ಲ. ಗೊತ್ತಾಗಿದೆಯೆಂದು ಅವಳಿಗೂ ಗೊತ್ತಾಯಿತು, ಅವಳೂ ಹೇಳಲಿಲ್ಲ.

ಮರುದಿನ ತಿಂಡಿ ತಿನ್ನುವಾಗ ತಟ್ಟೆಯಿಂದ ತಲೆಯೆತ್ತದೆ ಅಂದಳು: "ಪಟ್ಟಿ ಕೊಡೋಕೆ ಹತ್ತು ದಿನ ಇದೆ. ನನ್ನ ಜೊತೆ ಬಾ. ಒಬ್ಬಳೇ ಸುತ್ತೋದಕ್ಕೆ ಕಾಲು ನೋವು."

"ನಾನು ಬಂದ್ರೆ ನಿನ್ನ ಕಾಲು ನೋವು ಹೋಗುತ್ತಾ?"

"ಬರ್ತೀಯೋ ಇಲ್ವೋ ಅಷ್ಟು ಹೇಳು."

ಹೋದೆ. ಅವಳು ಎತ್ತುತ್ತಿದ್ದಳು, ನಾನು ಮೂಸುತ್ತಿದ್ದೆ. ಬಟ್ಟೆಯನ್ನೋ ಮೀನನ್ನೋ ಎತ್ತಿ ತಾನು ಮೂಸಿದಂತೆ ಮಾಡಿ, ನನ್ನ ಕಡೆ ಹಿಡಿದು "ಹೇಗಿದೆ?" ಎನ್ನುವಳು. "ಚೆನ್ನಾಗಿದೆ" ಎಂದರೆ ಪಾಸು. "ಇನ್ನೊಂದ್ಸಲ ನೋಡು" ಎಂದರೆ ಫೇಲು. ಮಾತಾಡಿಕೊಂಡು ಮಾಡಿದ ಏರ್ಪಾಡಲ್ಲ, ತಾನೇ ಆದದ್ದು. ಹೋಟೆಲಿನವರಿಗೆ ನನ್ನನ್ನು ಕಂಡು ಅನುಮಾನ. ಮೇಡಂ ತಂಗಿಯನ್ನು ಯಾಕೆ ಕರೆತಂದರು, ಇವಳಿಗೆ ಕೆಲಸ ಕೊಡಿಸುವ ಉಪಾಯವೋ, ಬಿಟ್ಟಿ ಊಟ ಹಾಕಿಸುವ ಉಪಾಯವೋ ಎಂದು ಬೆನ್ನ ಹಿಂದೆ ಗುಸುಗುಸು. ಬಿಳಿ ಮೇಜುಬಟ್ಟೆಯ ಹೋಟೆಲಿನ ಮ್ಯಾನೇಜರು ನನಗೆ ಕುರ್ಚಿ ಎಳೆದುಕೊಟ್ಟ. ಅವನ ಅಡುಗೆಮನೆಯ ಫ್ರಿಜ್ ತೆಗೆಯುತ್ತಿದ್ದಂತೆ ಹಳಸಿದ ವಾಸನೆ ಮುಖಕ್ಕೆ ಬಡಿಯಿತು. "ಇನ್ನೊಂದ್ಸಲ ನೋಡು ಅಕ್ಕ" ಎಂದೆ. ಅಕ್ಕನ ಕಣ್ಣಿನಲ್ಲಿ ಎಷ್ಟೋ ದಿನದ ಮೇಲೆ ಒಂದು ಹೊಳಪು ಕಂಡಿತು. ಫ್ರಿಜ್ಜಿನಲ್ಲಿದ್ದುದನ್ನೆಲ್ಲ ಅವಳು ಅವನ ಕೈಯಿಂದಲೇ ಕಸಕ್ಕೆ ಹಾಕಿಸಿದಳು.

ಒಂಬತ್ತು ದಿನದಲ್ಲಿ ಹನ್ನೊಂದು ಅಂಗಡಿ ಪಾಸಾದವು, ಎರಡು ಬಿದ್ದವು. ಒಂದರಲ್ಲೂ ನಾನು ಸುಳ್ಳು ಹೇಳಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ನೀವಾದರೂ ನಂಬಿ.

ಹತ್ತನೆಯ ದಿನ ಉಳಿದದ್ದು ಒಂದೇ, ಮೀನುಕಟ್ಟೆಯ ಎದುರಿನ ಹಣ್ಣಿನ ರಸದ ಅಂಗಡಿ. ಅದನ್ನು ಕೊನೆಗೆ ಯಾಕಿಟ್ಟಳು ಎಂಬ ಅನುಮಾನ ನನ್ನನ್ನು ದಾರಿಯುದ್ದಕ್ಕೂ ಕೊರೆಯಿತು. ಅಂಗಡಿ ನಡೆಸುವವಳನ್ನು ರಸ್ತೆಯವರೆಲ್ಲ ಅತ್ತಿಗೆ ಎನ್ನುತ್ತಾರೆ. ಗಂಡ ಸಮುದ್ರಕ್ಕೆ ಹೋಗಿ ಬಾರದವನಾದ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಅದೇ ಅಂಗಡಿಯಿಂದ ಓದಿಸುತ್ತಿದ್ದಾಳೆ. ಆರು ವರ್ಷದಿಂದ ಸಂಜೆ ಯಂತ್ರ ಮುಚ್ಚಿ ನಾನು ಹೋಗಿ ಕೂರುವುದು ಅಲ್ಲಿಯೇ. ಅಕ್ಕನ ಬಗ್ಗೆ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕುವುದೂ ಅಲ್ಲಿಯೇ. ಅಕ್ಕನಿಗೆ ಇದು ಗೊತ್ತಿಲ್ಲ ಎಂದುಕೊಂಡಿದ್ದೆ.

ಅಂಗಡಿ ಕನ್ನಡಿಯಂತೆ ಇತ್ತು. ಚಾಕು, ಹಲಗೆ, ಲೋಟ, ಎಲ್ಲ ತೊಳೆದಿಟ್ಟಿದ್ದಳು. ಕೊನೆಗೆ ಐಸ್. ಕುಡಿಯುವ ಐಸ್ ಮಾಡುವ ಯಂತ್ರ ಬೇರೆ, ಬಂದರಿನಲ್ಲಿ ಮೀನಿನ ಬುಟ್ಟಿಗೆ ತುಂಬುವ ಐಸ್ ಬೇರೆ. ಎರಡನೆಯದು ಸೋಸದ, ಕುದಿಸದ ಬಾವಿಯ ನೀರಿನದು, ಮೀನಿನ ಜೊತೆಗೇ ಇರುವಂಥದು, ಹೊಟ್ಟೆಗೆ ಹೋದರೆ ಆಸ್ಪತ್ರೆಯೇ ಗತಿ. ನೋಡಲು ಎರಡೂ ಒಂದೇ ಥರ. ಅಕ್ಕ ಒಂದು ಹಿಡಿ ಐಸನ್ನು ಲೋಟಕ್ಕೆ ಹಾಕಿ, ಅಂಗೈಯಲ್ಲಿ ಹಿಡಿದು ಕರಗಿಸಿದಳು. ಮೂಗಿನ ಹತ್ತಿರ ಒಯ್ದಂತೆ ಮಾಡಿ ನನಗೆ ಕೊಟ್ಟಳು.

"ಹೇಗಿದೆ?"

ಮೀನಿನ ಪೊರೆಯ ವಾಸನೆ. ತೆಳುವಾಗಿ, ಆದರೆ ಖಂಡಿತವಾಗಿ. ನಾನು ಅತ್ತಿಗೆಯ ಕಡೆ ನೋಡಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಮೂಲೆಯಲ್ಲಿ ಅವಳ ಐಸ್ ಯಂತ್ರದ ಪ್ಲಗ್ ಕಿತ್ತು ಬಿದ್ದಿತ್ತು. ಕೆಟ್ಟಿದೆ. ರಿಪೇರಿಯವನು ಇವತ್ತು ನಾಳೆ ಅನ್ನುತ್ತಿರಬೇಕು, ಈ ಸೆಕೆಯಲ್ಲಿ ಐಸ್ ಇಲ್ಲದೆ ರಸ ಯಾರು ಕುಡಿಯುತ್ತಾರೆ. ಚೀಟಿ ತಪ್ಪಿದರೆ ಈ ವರ್ಷ ಪ್ರವಾಸಿಗಳು ಅವಳ ಅಂಗಡಿಯತ್ತ ತಲೆ ಹಾಕುವುದಿಲ್ಲ. ನಾಳೆ ನಾನೇ ಬಂದು ಗದರಿಸಿ ಈ ಐಸನ್ನು ಚೆಲ್ಲಿಸಿದರಾಯಿತು ಎಂದು ಲೆಕ್ಕ ಹಾಕಿದೆ.

"ಚೆನ್ನಾಗಿದೆ" ಎಂದೆ.

ಅಕ್ಕ ಚೀಲದಿಂದ ಕಾಗದ ತೆಗೆದಳು. ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿ, ಹಣೆಯ ಬೆವರು ಒರೆಸಿಕೊಂಡಳು. ಆಮೇಲೆ ಬೆಂಚಿನ ಮೇಲೆ ಕುಳಿತು, "ಸೆಕೆ ಜಾಸ್ತಿ ಆಯ್ತು. ನನಗೂ ಒಂದು ಲೋಟ ಕೊಡಿ" ಎಂದಳು.

ಅತ್ತಿಗೆ ನನ್ನನ್ನು ನೋಡಿದಳು. ನಾನು ಅತ್ತಿಗೆಯನ್ನು ನೋಡಿದೆ. ಇಪ್ಪತ್ತೆರಡು ವರ್ಷದಲ್ಲಿ ಈ ರಸ್ತೆಯಲ್ಲಿ ಒಂದು ಹನಿ ಕುಡಿಯದವಳು. ಪರೀಕ್ಷೆ ಮಾಡುತ್ತಿದ್ದಾಳೆ, ನಾನು ಸುಳ್ಳು ಹೇಳಿದ್ದು ತಿಳಿದೇ ಕೇಳುತ್ತಿದ್ದಾಳೆ ಎಂದುಕೊಂಡೆ. ಅತ್ತಿಗೆ ಐಸ್ ಇಲ್ಲದೆ ರಸ ಹಾಕಹೋದಳು. "ಐಸ್ ಹಾಕಿ" ಎಂದಳು ಅಕ್ಕ. ಅತ್ತಿಗೆ ಹಾಕಿ ಕೊಟ್ಟಳು. ಅದಕ್ಕೆ ಅವಳನ್ನು ನಾನು ಇನ್ನೂ ಕ್ಷಮಿಸಿಲ್ಲ.

ಅಕ್ಕ ಲೋಟವನ್ನು ಬಾಯಿಗೆ ಎತ್ತಿದಳು. ಅವಳ ಮುಖದಲ್ಲಿ ಪರೀಕ್ಷೆಯೂ ಇರಲಿಲ್ಲ, ಏನೂ ಇರಲಿಲ್ಲ. ಬಾಯಾರಿದವಳ ಮುಖ, ಅಷ್ಟೇ. ನಾನು ಹಾರಿ ಲೋಟವನ್ನು ಕಿತ್ತುಕೊಂಡೆ. ಅರ್ಧ ರಸ ಅವಳ ಮಡಿಲ ಮೇಲೆ ಚೆಲ್ಲಿತು.

"ಕುಡೀಬೇಡ. ಮೀನಿನ ಐಸು ಇದು."

ಅಂಗಡಿಯ ಮುಂದೆ ನಿಂತು ರಸ ಕುಡಿಯುತ್ತಿದ್ದ ನಾಲ್ಕಾರು ಜನ ಲೋಟ ಕೆಳಗಿಟ್ಟರು. ಅವರಲ್ಲಿ ಸೂಪಿನ ಹೋಟೆಲಿನ ಯಜಮಾನನೂ ಇದ್ದ. ಅವನು ಅಕ್ಕನನ್ನೇ ನೋಡುತ್ತಾ, ಮೆಲ್ಲಗೆ ಕೇಳಿದ: "ಮೇಡಂ, ಅದು ನಿಮಗೆ ಗೊತ್ತಾಗಲಿಲ್ವಾ?"

ಅಕ್ಕ ಎದ್ದು ಸೀರೆ ಕೊಡವಿಕೊಂಡಳು. "ಇಲ್ಲ. ನನಗೆ ವಾಸನೆ ಗೊತ್ತಾಗದೆ ನಾಲ್ಕು ತಿಂಗಳಾಯ್ತು" ಎಂದಳು, ಇವತ್ತು ಸೋಮವಾರ ಎಂದಷ್ಟೇ ಸಲೀಸಾಗಿ. ಅತ್ತಿಗೆಯ ಕಾಗದವನ್ನು ಹರಿದಳು. ಐಸನ್ನೆಲ್ಲ ಚರಂಡಿಗೆ ಸುರಿಸಿದಳು. ಅತ್ತಿಗೆ ಅಳುತ್ತಿದ್ದಳು. ಯಾರೂ ಅವಳನ್ನು ಸಮಾಧಾನ ಮಾಡಲಿಲ್ಲ, ನಾನೂ ಮಾಡಲಿಲ್ಲ.

ರಸ್ತೆ ದಾಟಿ ಸಮುದ್ರದ ಕಟ್ಟೆಯ ಮೇಲೆ ಕುಳಿತೆವು. ನಡು ಮಧ್ಯಾಹ್ನದ ಬಿಸಿಲು.

"ನನ್ನನ್ನ ಪರೀಕ್ಷೆ ಮಾಡೋಕೆ ತಾನೇ ರಸ ಕೇಳಿದ್ದು?" ಎಂದೆ.

"ಇಲ್ಲ. ನೀನು ಸಂಜೆ ಸಂಜೆ ಅಲ್ಲಿ ಹೋಗಿ ಕೂರೋದು ನಂಗೆ ಗೊತ್ತು. ಅಷ್ಟು ದಿನದಿಂದ ಕುಡೀತಾ ಇದೀಯಲ್ಲ, ರುಚಿ ಹೇಗಿರುತ್ತೋ ನೋಡೋಣ ಅನ್ನಿಸ್ತು." ಸೀರೆಯ ಒದ್ದೆ ಜಾಗ ಹಿಂಡುತ್ತಾ ಅಂದಳು: "ನೀನು ಚೆನ್ನಾಗಿದೆ ಅಂದೆಯಲ್ಲ."

ಅವಳು ಚೀಲದಿಂದ ಉಳಿದ ಹನ್ನೊಂದು ಕಾಗದಗಳನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಗಾಳಿಗೆ ಹಾರದಂತೆ ಅಂಗೈ ಊರಿ, ಒಂದೊಂದರ ಮೇಲೂ ಸಹಿಯನ್ನು ಹೊಡೆದುಹಾಕತೊಡಗಿದಳು. ಪಕ್ಕದಲ್ಲಿ ದುಂಡಗೆ ಬರೆದಳು: ತಪಾಸಕಿಗೆ ವಾಸನೆ ತಿಳಿಯುವುದಿಲ್ಲ, ಬೇರೆಯವರಿಂದ ಪುನಃ ಪರಿಶೀಲನೆ ಆಗಬೇಕು. ಇದನ್ನು ಆಫೀಸಿಗೆ ಕೊಟ್ಟರೆ ಅವಳ ಕೆಲಸ ಅಂದೇ ಹೋದಂತೆ. ಅದು ಅವಳಿಗೂ ಗೊತ್ತಿತ್ತು.

"ಅಕ್ಕ, ಅದನ್ನ ಯಾಕೆ ಹೊಡೀತೀಯ? ಆ ಹನ್ನೊಂದೂ ಸರಿಯಾಗೇ ಇದ್ವು. ಇದೊಂದೇ ನಾನು ಸುಳ್ಳು ಹೇಳಿದ್ದು. ನಿನ್ನಾಣೆಗೂ ಇದೊಂದೇ."

ಸಿಕ್ಕಿಬಿದ್ದ ಪ್ರತಿ ಅಡುಗೆಯವನೂ ಅವಳ ಎದುರು ಇದೇ ಆಣೆ ಹಾಕುತ್ತಿದ್ದ, ಇದೊಂದೇ ದಿನ ಮೇಡಂ, ಇದೊಂದೇ ಸಲ. ಅವರಿಗೆ ಹೇಳುತ್ತಿದ್ದ ಉತ್ತರವನ್ನು ಅವಳು ನನಗೂ ಹೇಳಿದಳು, ಕೋಪವಿಲ್ಲದೆ, ಅವರಿಗೆ ಹೇಳುತ್ತಿದ್ದ ಅದೇ ಧ್ವನಿಯಲ್ಲಿ.

"ಇರಬಹುದು" ಎಂದಳು, ಮುಂದಿನ ಕಾಗದ ತೆಗೆದುಕೊಂಡಳು.