ಮೂವರು ಕೂರುವ ಸೀಟು

ತರೀಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಬ್ಲೌಸು ಹೊಲಿಯುವ ಯಶೋಧರಾ ಬಸ್ಸಿನಲ್ಲಿ ಕೂರುವುದಿಲ್ಲ. ಹತ್ತುತ್ತಾಳೆ, ಟಿಕೆಟ್ ತೆಗೆದುಕೊಳ್ಳುತ್ತಾಳೆ, ಕಂಬಿ ಹಿಡಿದು ನಿಲ್ಲುತ್ತಾಳೆ, ಇಳಿಯುತ್ತಾಳೆ. ಅರ್ಧ ಬಸ್ಸು ಖಾಲಿಯಿದ್ದರೂ ಅಷ್ಟೇ. "ಏನಮ್ಮಾ, ಸೀಟಲ್ಲೇನು ಮುಳ್ಳೈತಾ?" ಎಂದು ಕೇಳಿ ಕೇಳಿ ಕಂಡಕ್ಟರುಗಳು ಸುಮ್ಮನಾಗಿದ್ದಾರೆ. ಸೊಂಟನೋವು ಅನ್ನುತ್ತಾಳೆ. ದಿನಕ್ಕೆ ಎಂಟು ಗಂಟೆ ಮಿಷನ್ ಮುಂದೆ ಕೂರುವವಳ ಸೊಂಟಕ್ಕೆ ಬಸ್ಸಿನಲ್ಲಿ ಮಾತ್ರ ಏನಾಗುತ್ತದೆ ಎಂದು ಯಾರೂ ಕೇಳಲಿಲ್ಲ. ಗಂಡ ಆನಂದನೂ ಕೇಳಲಿಲ್ಲ. ಅವನು ಕರೆಂಟಿನ ಲೈನ್‌ಮನ್ ಆಗಿದ್ದವನು, ಮುಟ್ಟಬಾರದ್ದನ್ನು ಮುಟ್ಟದೆ ಬಿಡುವುದು ಅವನಿಗೆ ಅಭ್ಯಾಸ.

ಅವಳಿಗೀಗ ಐವತ್ತೊಂದು. ಎಡಗೈ ಮೊಣಕೈಯಲ್ಲಿ ಬಗ್ಗಿದ್ದು ನೆಟ್ಟಗಾಗುವುದಿಲ್ಲ, ಬಟ್ಟೆಯನ್ನು ಅಂಗೈಯ ಬುಡದಿಂದ ಸೂಜಿಯ ಕಡೆಗೆ ತಳ್ಳಬೇಕು. ಆದರೂ ಅವಳ ಹೊಲಿಗೆ ಒಂದು ನೂಲಿನಷ್ಟೂ ಸೊಟ್ಟಗಿರುವುದಿಲ್ಲ. ಪಡಿತರದ ಸಾಲಿನಲ್ಲಿ ಯಾರಾದರೂ ನಡುವೆ ನುಗ್ಗಿದರೆ "ಹೋಗ್ಲಿ ಬಿಡಿ" ಎನ್ನುತ್ತಾಳೆ. ಬೀದಿಯವರು ಅವಳನ್ನು ತುಂಬ ಒಳ್ಳೆಯವಳು ಎಂದುಕೊಂಡಿದ್ದಾರೆ. ಒಳ್ಳೆಯತನವೇನೂ ಅಲ್ಲ ಅದು, ಹೆದರಿಕೆ. ಇನ್ನೊಬ್ಬರ ಜಾಗ ತೆಗೆದುಕೊಂಡರೆ ಏನಾಗುತ್ತದೆ ಎಂಬುದನ್ನು ಅವಳು ಹತ್ತೊಂಬತ್ತನೇ ವಯಸ್ಸಿನಲ್ಲೇ ಕಲಿತಿದ್ದಳು.

ಅದು ತೊಂಬತ್ತಮೂರನೇ ಇಸವಿಯ ಏಪ್ರಿಲ್. ಅವ್ವ ಮಾರಮ್ಮನಿಗೆ ವಾರದಿಂದ ಬಿಡದ ಜ್ವರ. ತರೀಕೆರೆಯ ದೊಡ್ಡ ಡಾಕ್ಟರಿಗೆ ತೋರಿಸೋಣವೆಂದು ಯಶೋಧರಾ ಅವಳನ್ನು ಅಜ್ಜಂಪುರದ ತನಕ ನಡೆಸಿಕೊಂಡು ಬಂದಿದ್ದಳು. ಮದುವೆಯ ದಿನಗಳು, ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ನಮ್ಮ ಕಡೆ ಬಸ್ಸು ನಿಲ್ಲುವ ಮೊದಲೇ ಗಂಡಸರು ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರೆ. ಟವೆಲ್ ಬಿದ್ದ ಸೀಟು ಟವೆಲಿನವನದ್ದು, ಅದಕ್ಕೆ ಯಾವ ಕೋರ್ಟಿನ ಅಪ್ಪಣೆಯೂ ಬೇಕಿಲ್ಲ. ಹಿಂದಿನ ಬಾಗಿಲ ಪಕ್ಕ, ಮೂವರು ಕೂರುವ ಸೀಟಿನ ಮೇಲೆ ಒಂದು ಬಿಳಿ ಟವೆಲ್ ಬಿದ್ದಿತ್ತು. ಅವ್ವ ನಿಂತಲ್ಲೇ ಕುಸಿಯುತ್ತಿದ್ದಳು. ಯಶೋಧರಾ ಟವೆಲ್ ತೆಗೆದು ಮುಂದಿನ ಕಂಬಿಗೆ ಹಾಕಿ, ಅವ್ವನನ್ನು ಕಿಟಕಿಗೆ ಒರಗಿಸಿ ಕೂರಿಸಿ, ಪಕ್ಕದಲ್ಲಿ ತಾನೂ ಕೂತಳು. ಮೂರನೆಯ ಜಾಗವನ್ನು ಟವೆಲಿನವರಿಗೆಂದು ಹಾಗೇ ಬಿಟ್ಟಳು.

ಟವೆಲಿನವನ ಹೆಂಡತಿ ಬಂದಳು. ಕಂಕುಳಲ್ಲಿ ಎರಡು ವರ್ಷದ ಹೆಣ್ಣುಮಗು. "ಬನ್ನಿ ಅಕ್ಕಾ, ಜಾಗ ಐತೆ" ಎಂದು ಯಶೋಧರಾ ಅವ್ವನ ಕಡೆಗೆ ಇನ್ನಷ್ಟು ಒತ್ತಿ ಕೂತಳು. ಆ ಹೆಂಗಸು ಕೂರಲು ಬಗ್ಗಿದವಳು ಯಾಕೋ ಬಾಗಿಲ ಕಡೆ ತಿರುಗಿ ನೋಡಿ, ನೆಟ್ಟಗೆ ನಿಂತಳು. ಟವೆಲ್ ತೆಗೆದದ್ದಕ್ಕೆ ಸಿಟ್ಟಾಗಿರಬೇಕು ಎಂದುಕೊಂಡಳು ಯಶೋಧರಾ. ಡ್ರೈವರ್ ಪಕ್ಕದ ಬಾನೆಟ್ ಒಂದೇ ಉಳಿದಿತ್ತು. ಇಂಜಿನ್ ಬಿಸಿಗೆ ಮಗು ಬೇಯುತ್ತದೆಂದು ಆಕೆ ಮಗುವನ್ನು ಯಶೋಧರಾಳ ಮಡಿಲಿಗೆ ಹಾಕಿ, ಜನರ ನಡುವೆ ತೂರಿಕೊಂಡು ಮುಂದಕ್ಕೆ ಹೋದಳು. ಅರ್ಧ ಗಂಟೆಯ ನಂತರ ಒಂದು ತಿರುವಿನಲ್ಲಿ ಎದುರಿನಿಂದ ಬಂದ ಲಾರಿಗೆ ಬಸ್ಸು ಮುಖಾಮುಖಿ ಹೊಡೆಯಿತು. ಏಳು ಜನ ಸತ್ತರು. ಮುಂದಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ.

ಆಸ್ಪತ್ರೆಯ ಜಗುಲಿಯಲ್ಲಿ ಮುರಿದ ಕೈಯಿಂದಲೇ ಮಗುವನ್ನು ಅವುಚಿಕೊಂಡು ಕೂತಿದ್ದ ಯಶೋಧರಾಳ ಮುಂದೆ ಸಂಜೆ ಒಬ್ಬ ಗಂಡಸು ಬಂದು ನಿಂತ. ಹಣೆಯಿಂದ ಇಳಿದ ರಕ್ತ ಒಣಗಿತ್ತು. ಸತ್ತವಳ ಗಂಡ, ಸೋಮಶೇಖರಪ್ಪ. ಮಗುವನ್ನು ಎತ್ತಿಕೊಂಡು ಅವನು ಹೇಳಿದ್ದು ಒಂದೇ ಮಾತು: "ನೀನು ಟವೆಲ್ ತೆಗೀದೇ ಇದ್ದಿದ್ರೆ ನಮ್ಮ ಗುರುಶಾಂತ ಬದುಕಿರೋಳು."

ಆ ಮಾತು ಆಸ್ಪತ್ರೆಯಲ್ಲೇ ಉಳಿಯಲಿಲ್ಲ. ತಿಥಿಯ ಊಟದ ಪಂಕ್ತಿಯಿಂದ ಸಂತೆಗೆ ಬಂತು, ಸಂತೆಯಿಂದ ಮಾರಮ್ಮನ ಕೇರಿಗೆ ಬಂತು. ಯಶೋಧರಾ 'ಟವೆಲ್ ತೆಗೆದೋಳು' ಆದಳು. ಮೂರು ಸಂಬಂಧ ಬಾಗಿಲ ತನಕ ಬಂದು ವಾಪಸ್ ಹೋದವು. ಮಾರಮ್ಮ ಜ್ವರದಿಂದ ಎದ್ದಳು, ಮಾತಿನಿಂದ ಏಳಲಿಲ್ಲ, ಎರಡು ವರ್ಷಕ್ಕೆ ಹೋಗಿಬಿಟ್ಟಳು. ಆಮೇಲೆ ಯಶೋಧರಾ ಊರು ಬಿಟ್ಟು ತರೀಕೆರೆಗೆ ಬಂದು ಹೊಲಿಗೆ ಕಲಿತಳು. ಆನಂದ ಮದುವೆಯಾಗಲು ಬಂದಾಗ ಬಿದ್ದು ಕೈ ಮುರಿಯಿತು ಎಂದಷ್ಟೇ ಹೇಳಿದಳು.

ಈ ವರ್ಷ ಜೂನ್ ತಿಂಗಳಲ್ಲಿ ಒಂದು ಶನಿವಾರ ಮಧ್ಯಾಹ್ನ, ಸ್ಕೂಲ್ ಬಿಟ್ಟ ಹೊತ್ತು, ಮೇಷ್ಟ್ರ ಬ್ಯಾಗು ಹಾಕಿಕೊಂಡ ಒಬ್ಬ ಹೆಂಗಸು ಅಂಗಡಿಯ ಮೆಟ್ಟಿಲ ಬಳಿ ನಿಂತಳು.

"ಮಾರಮ್ಮನ ಮಗಳು ಯಶೋಧರಾ ಅಂದ್ರೆ ನೀವೇನಾ?"

"ಹೌದು. ಅಳತೆ ಬ್ಲೌಸ್ ತಂದಿದೀರಾ ಮೇಡಂ?"

"ಬಟ್ಟೆ ಕೊಡಕ್ಕೆ ಬಂದಿಲ್ಲ. ನಾನು ತನುಜಾ. ಸೋಮಶೇಖರಪ್ಪೋರ ಮಗಳು."

ಯಶೋಧರಾಳ ಕಾಲು ಪೆಡಲಿನ ಮೇಲೆ ನಿಂತಿತು. ಎದುರಿಗಿದ್ದವಳ ಮುಖದಲ್ಲಿ ಆ ಮಗುವನ್ನು ಹುಡುಕಿದಳು, ಸಿಗಲಿಲ್ಲ. ತನುಜಾ ಬೀರೂರಿನಲ್ಲಿ ಹೈಸ್ಕೂಲ್ ಟೀಚರ್. ಅಪ್ಪ ಈಗ ಅವಳ ಮನೆಯಲ್ಲೇ ಇದ್ದಾರೆ, ಕಿಡ್ನಿ ಎರಡೂ ಹೋಗಿವೆ, ಡಾಕ್ಟರು ಇನ್ನು ಕೆಲವು ವಾರ ಎಂದಿದ್ದಾರೆ. ಇದನ್ನೆಲ್ಲ ಅವಳು ಹಾಜರಿ ಕೂಗಿದಂತೆ ಹೇಳಿದಳು.

"ದಿನಾ ನಿಮ್ಮನ್ನ ಕರ್ಕೊಂಡ್ ಬಾ ಅಂತಾರೆ. ಸಾಯೋಕೆ ಮುಂಚೆ ನಿಮ್ಮನ್ನ ಕ್ಷಮಿಸಬೇಕು ಅಂತ ಇರಬೇಕು. ನನಗೇನೂ ಇಷ್ಟವಿಲ್ಲ, ಇದ್ದದ್ದು ಹೇಳ್ತೀನಿ. ತಾಯಿ ಇಲ್ದೆ ಬೆಳೆದೋಳು ನಾನು. ಸೀಟಿನಡಿ ಸಿಕ್ಕಿಹಾಕ್ಕೊಂಡಿದ್ದೆನಂತೆ, ಗುರುಗಳ ದಯೆ, ಬದುಕಿದೆ."

'ಸೀಟಿನಡಿ' ಎಂಬ ಮಾತಿಗೆ ಯಶೋಧರಾ ಮುಖವೆತ್ತಿದಳು. ನೀನು ನನ್ನ ಮಡಿಲಲ್ಲಿದ್ದೆ ಎಂಬ ಮಾತು ಬಾಯಿಯ ತನಕ ಬಂತು. ನುಂಗಿಕೊಂಡಳು. ತಾಯಿಯನ್ನು ಕೊಂದವಳು ಎಂದು ನಂಬಿದವರ ಮುಂದೆ ಮಗಳನ್ನು ಉಳಿಸಿದೆ ಎಂದು ಹೇಳಿಕೊಂಡರೆ ವಸೂಲಿಗೆ ನಿಂತಂತಾಗುತ್ತದೆ. ಕ್ಷಮಿಸುತ್ತಾರಂತೆ, ಆಗಲಿ. ಆ ಒಂದು ಮಾತು ಕಿವಿಗೆ ಬಿದ್ದರೆ ಸಾಕು ಎಂದು ಎಷ್ಟು ವರ್ಷ ಕಾದಿದ್ದಳೋ ಅವಳಿಗೇ ಗೊತ್ತು. ಕತ್ತರಿ ಎತ್ತಿಟ್ಟು, ಶಟರ್ ಎಳೆದು, ಅವಳ ಜೊತೆ ಬೀರೂರಿನ ರೈಲು ಹತ್ತಿದಳು.

ಸೋಮಶೇಖರಪ್ಪ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಕಾಲು ಊದಿತ್ತು, ಮುಖ ಬತ್ತಿತ್ತು. ವಿಭೂತಿಯನ್ನು ಮಾತ್ರ ಅಚ್ಚುಕಟ್ಟಾಗಿ ಇಟ್ಟುಕೊಂಡಿದ್ದರು.

"ಕೂತ್ಕೊಳ್ಳಮ್ಮ" ಎಂದರು. ಅಂದು ಆಸ್ಪತ್ರೆಯಲ್ಲಿ ಆಡಿದ ಮಾತಿಗೆ 'ಅಮ್ಮ' ಸೇರಿರಲಿಲ್ಲ. ಯಶೋಧರಾ ಕೂತಳು. ತನುಜಾ ಟೀ ಲೋಟ ಅವಳ ಕೈಗೆ ಕೊಟ್ಟು ಬಾಗಿಲಿಗೆ ಒರಗಿ ನಿಂತಳು.

"ತಪ್ಪಾಯ್ತು ಯಜಮಾನ್ರೇ" ಎಂದು ಯಶೋಧರಾಳೇ ಶುರುಮಾಡಿದಳು. "ಅವ್ವಂಗೆ ಜ್ವರ ಇತ್ತು. ಅದಕ್ಕೇ ತೆಗೆದೆ. ಇಲ್ದಿದ್ರೆ ನಾನು..."

ಅವರು ಕೈಯೆತ್ತಿ ತಡೆದರು. "ನೀವು ಹೇಳ್ಬೇಡಿ. ಹೇಳ್ಬೇಕಾದೋನು ನಾನು." ಉಸಿರಿಗಾಗಿ ಸ್ವಲ್ಪ ಹೊತ್ತು ತಡೆದರು. "ಅವತ್ತು ಸೀಟಲ್ಲಿ ಇನ್ನೊಂದು ಜಾಗ ಇತ್ತು. ನೀವು ಸರಿದು ಕರೆದ್ರಿ. ಅವಳು ಕೂರಕ್ಕೇ ಹೋದ್ಲು. ನಾನು ಹಿಂದಿನ ಬಾಗಿಲಲ್ಲಿ ನೇತಾಡ್ತಾ ಇದ್ದೆ. ನಿಮ್ಮವ್ವ ನಮ್ಮಣ್ಣನ ಹೊಲಕ್ಕೆ ಈರುಳ್ಳಿ ಕೀಳಕ್ಕೆ ಬರೋಳು, ನೋಡಿದ ತಕ್ಷಣ ಗುರುತು ಸಿಕ್ತು. ಅಲ್ಲಿ ಕೂರ್ಬೇಡ, ಅವ್ರು ಕೇರಿಯೋರು, ಮುಂದೆ ಹೋಗು ಅಂತ ಕೂಗಿದೆ. ಆ ಗದ್ದಲದಲ್ಲಿ ನಿಮಗೆ ಕೇಳಿಸಿರ್ಲಿಕ್ಕಿಲ್ಲ. ನನ್ನ ಮಾತು ಮೀರಿದೋಳಲ್ಲ ಅವಳು. ಹೋದ್ಲು."

ತನುಜಾ ಬಾಗಿಲು ಬಿಟ್ಟು ಒಂದು ಹೆಜ್ಜೆ ಒಳಗೆ ಬಂದಳು.

"ಕೊಂದೋನು ನಾನು. ಜನಕ್ಕೆ ಹೇಳಕ್ಕೆ ನೀವು ಸಿಕ್ಕಿದ್ರಿ" ಎಂದರು. "ಎರಡು ಸಲ ನಿಮ್ಮ ಅಂಗಡಿ ಎದುರು ಬಂದು ನಿಂತಿದೀನಿ. ಒಳಗೆ ಬರಕ್ಕೆ ಮುಖ ಇರ್ಲಿಲ್ಲ."

"ಅಪ್ಪಾ, ನಾನು ಸೀಟಿನಡಿ ಸಿಕ್ಕಿದ್ದೆ ಅಂದಿದ್ರಲ್ಲ?" ತನುಜಾಳ ದನಿ ಸಣ್ಣದಾಗಿತ್ತು.

"ಇವ್ರ ಮಡಿಲಲ್ಲಿದ್ದೆ ಕಣಮ್ಮ. ಅದನ್ನ ಒಪ್ಕೊಂಡ್ರೆ ಉಳಿದಿದ್ದನ್ನೂ ಹೇಳ್ಬೇಕಾಗ್ತಿತ್ತು."

ಮೂವತ್ತೆರಡು ವರ್ಷ ಹೊತ್ತ ಭಾರ ಇಳಿದ ಮೇಲೆ ಹಗುರವಾಗಬೇಕಿತ್ತು. ಯಶೋಧರಾಳಿಗೆ ಹಗುರವಾಗಲಿಲ್ಲ, ಸಿಟ್ಟು ಬಂತು. ಲೋಟ ಕೆಳಗಿಟ್ಟಳು.

"ನಮ್ಮವ್ವ ಸಾಯೋವಾಗ ಏನಂದ್ಲು ಗೊತ್ತಾ ನಿಮಗೆ? ನನ್ನ ಜ್ವರ ಆ ಹೆಣ್ಮಗಳನ್ನ ತಿಂತು ಅಂದ್ಲು. ಆ ಜೀವಕ್ಕೆ ಈಗ ಯಾರು ಹೋಗಿ ಹೇಳ್ತಾರೆ?"

ಸೋಮಶೇಖರಪ್ಪ ಎರಡೂ ಕೈ ಜೋಡಿಸಿದರು. "ಹೊಟ್ಟೆಗೆ ಹಾಕ್ಕೊಳ್ಳಿ ತಾಯಿ."

"ಇವತ್ತು ಆಗಲ್ಲ ಯಜಮಾನ್ರೇ" ಎಂದಳು ಯಶೋಧರಾ. "ಮುಂದೆ ಆಗ್ಬಹುದೋ ಏನೋ, ನಂಗೆ ಗೊತ್ತಿಲ್ಲ." ಸಾಯುವ ಮನುಷ್ಯನಿಗೆ ಸುಳ್ಳು ಹೇಳಿ ಕಳಿಸಲು ಅವಳಿಗೆ ಮನಸ್ಸಾಗಲಿಲ್ಲ. ಎದ್ದು ಹೊರಗೆ ಬಂದು ಜಗುಲಿಯ ಮೇಲೆ ಕೂತಳು.

ತನುಜಾ ಹಿಂದೆಯೇ ಬಂದಳು. ಒಂದು ಮೊಳ ದೂರದಲ್ಲಿ ಕೂತಳು. ಒಳಗಿನಿಂದ ಅಪ್ಪ ಎರಡು ಸಲ ಕರೆದರು. ಅವಳು ಏಳಲಿಲ್ಲ.

"ನಮ್ಮಮ್ಮ ಹೇಗಿದ್ರು?" ಎಂದು ಕೇಳಿದಳು. "ಒಂದು ಮದುವೆ ಫೋಟೊ ಬಿಟ್ರೆ ನಂಗೇನೂ ಗೊತ್ತಿಲ್ಲ. ಅಮ್ಮನ ಹೆಸರೆತ್ತಿದ್ರೆ ಸಾಕು, ಅಪ್ಪ ಎದ್ದು ಹೋಗೋರು."

ಯಶೋಧರಾ ಮುಖ ಒರೆಸಿಕೊಂಡಳು. "ಹಸಿರು ಸೀರೆ ಉಟ್ಟಿದ್ರು. ಮುಡೀಲಿ ಕನಕಾಂಬರ. ನಿನ್ನ ನನ್ನ ಮಡಿಲಿಗೆ ಹಾಕಿ, ನಿನ್ನ ಲಂಗ ಸರಿಮಾಡಿ, 'ಇವಳು ನಿನ್ನ ಹತ್ರ ಇರ್ಲಿ ಕಣಮ್ಮ, ತರೀಕೇರೇಲಿ ಇಳಿಯುವಾಗ ಇಸ್ಕೋತೀನಿ' ಅಂದ್ರು. ಅದಕ್ಕೇ ಆಸ್ಪತ್ರೇಲಿ ನಿನ್ನ ಯಾರಿಗೂ ಕೊಡ್ಲಿಲ್ಲ. ಕೈ ಕಟ್ಟಕ್ಕೆ ನರ್ಸಮ್ಮ ಬಂದು ಬೈದ್ರೂ ಕೊಡ್ಲಿಲ್ಲ. ಅವ್ರು ಹೋಗಿದ್ದು ನಂಗೆ ಗೊತ್ತಿರ್ಲಿಲ್ಲವಲ್ಲ. ಬರ್ತಾರೆ, ಇಸ್ಕೋತಾರೆ ಅಂತ ಕೂತಿದ್ದೆ."

ತನುಜಾ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಕೇಳಿದಳು, "ಅಪ್ಪ ಬಂದು ನನ್ನ ಇಸ್ಕೊಂಡಾಗ ನಾನು ಅತ್ತೆನಾ?"

"ಇಲ್ಲ ತಾಯಿ, ನೀನು ನಿದ್ದೇಲಿದ್ದೆ" ಎಂದಳು ಯಶೋಧರಾ. "ಅತ್ತೋಳು ನಾನು."