ಬಾತ್‌ರೂಮಿಗೆ ಅಡ್ಡ ಬಂದ ಸೋಫಾ

ಗಂಡ ಹೊಸದಾಗಿ ಕೊಂಡ ಕ್ಯಾಂಪರ್ ಟ್ರೇಲರನ್ನು, ಅಂದರೆ ಬಾತ್‌ರೂಮ್ ಸಮೇತ ಇರುವ ಗಾಲಿಮನೆಯನ್ನು, ಕಾರಿಗೆ ಕಟ್ಟಿ ಎಳೆದುಕೊಂಡು, ಅತ್ತೆಯನ್ನೂ ಕರೆದುಕೊಂಡು ಟೆಕ್ಸಾಸ್‌ನ ಇರ್ವಿಂಗ್‌ನಿಂದ ಆಸ್ಟಿನ್‌ಗೆ ಹೊರಟಿದ್ದೆವು. ಅದನ್ನು ನಿಲ್ಲಿಸಿ ಗುಂಡಿ ಒತ್ತಿದರೆ ಒಂದು ಪಕ್ಕದ ಗೋಡೆ ಸೋಫಾ ಸಮೇತ ಹೊರಗೆ ಸರಿದು ಒಳಗೆ ಜಾಗವಾಗುತ್ತದೆ. ಓಡಿಸುವಾಗ ಆ ಗೋಡೆಯನ್ನು ಒಳಗೆಳೆದುಕೊಂಡಿರಬೇಕು.

"ದಾರೀಲಿ ಅಮ್ಮಂಗೆ ಬಾತ್‌ರೂಮ್ ಚಿಂತೆ ಇಲ್ಲ" ಎಂದು ಗಂಡ ಹೇಳುತ್ತಲೇ ಬಂದಿದ್ದರು. ಅತ್ತೆಗೆ ಅರ್ಜೆಂಟ್ ಆದಾಗ, ಟಾಯ್ಲೆಟ್ ಇಲ್ಲದ, ಬರೀ ಬೆಂಚುಗಳಿದ್ದ ಒಂದು ಪಿಕ್ನಿಕ್ ಜಾಗದಲ್ಲಿ ನಿಲ್ಲಿಸಿದೆವು. ಒಳಗೆ ಹೋಗಿ ನೋಡಿದರೆ ಸೋಫಾ ಬಾತ್‌ರೂಮಿನ ಬಾಗಿಲಿಗೇ ಅಡ್ಡ ಕೂತಿತ್ತು.

"ಕೊಳ್ಳೋ ಮುಂಚೆ ಈ ಗೋಡೇನ ಒಳಗೆಳೆದು ನೋಡಿದ್ರಾ?" ಎಂದೆ.

"ಅಂಗಡೀಲಿ ಓಪನ್ ಮಾಡೇ ತೋರಿಸಿದ್ರು. ಈಗ ಗೋಡೆ ಹೊರಗೆ ಸರಿಸಿದ್ರೆ ಪಕ್ಕದಲ್ಲಿ ನಿಂತಿರೋ ಟ್ರಕ್‌ಗೆ ತಗಲತ್ತೆ. ಸ್ವಲ್ಪ ತಡ್ಕೊಳ್ಳಲಿ."

ಅತ್ತೆ ಸೆರಗು ಹಿಡಿದು, ತಲೆ ತಗ್ಗಿಸಿ ನಿಂತಿದ್ದರು. ನನಗೆ ಮೈಯೆಲ್ಲ ಉರಿಯಿತು. ನಾನೇ ಹೋಗಿ ಟ್ರಕ್ಕಿನವನನ್ನು ಕೇಳಿಕೊಂಡೆ. ಅವನು ಗಾಡಿ ಸರಿಸಿದ. ಗುಂಡಿ ಒತ್ತಿದೆ.

ಹೊರಗೆ ಬಂದ ಅತ್ತೆ ನನ್ನ ಕೈ ಹಿಡಿದು, "ಪಾಪ, ಅವನನ್ನ ಬೈಬೇಡಮ್ಮ. ಆಸೆಪಟ್ಟು ತಗೊಂಡಿದಾನೆ" ಎಂದರು. ತಡೆದುಕೊಂಡು ನಿಂತವರು ಅವರು, 'ಪಾಪ' ಅನಿಸಿಕೊಂಡವನು ಮಾತ್ರ ಮಗ. ನನ್ನ ಸಿಟ್ಟು ಇನ್ನೂ ಏರಿತು. ಗೋಡೆಯನ್ನು ಮತ್ತೆ ಒಳಗೆಳೆದು, ಗಂಡನ ಕೈಯಿಂದ ಕೀ ಕಿತ್ತುಕೊಂಡು, ಆಸ್ಟಿನ್‌ವರೆಗೂ ನಾನೇ ಡ್ರೈವ್ ಮಾಡಿದೆ.